ಕೊಡದಿದ್ದರೂ ಲೆಕ್ಕ ಬರೆಯುವ ಅಂಗಡಿ

ನಿಮ್ಮ ಕೈಯಲ್ಲಿರೋದು ಆಂಡ್ರಾಯ್ಡ್ ಫೋನ್ ಆದರೆ, ಅದರೊಳಗೆ ಇರೋದು ಲಿನಕ್ಸ್ ಕರ್ನಲ್. ಕ್ಯಾಮೆರಾ, ವೈಫೈ, ಟಚ್‌ಸ್ಕ್ರೀನ್ ಎಲ್ಲಕ್ಕೂ ಒಂದೊಂದು ಡ್ರೈವರ್. ಡ್ರೈವರ್ ಶುರುವಾಗೋದು ಹಲಸೂರಲ್ಲಿ ನಾಮಕರಣಕ್ಕೆ ಸಾಮಾನು ಹೊಂದಿಸಿದ ಹಾಗೆ: ಶಾಮಿಯಾನ, ಆಮೇಲೆ ಕುರ್ಚಿ, ಆಮೇಲೆ ಪಾತ್ರೆ. ಕೊನೇ ಗಳಿಗೆಯಲ್ಲಿ ಅಡುಗೆಯವರು ಕೈಕೊಟ್ಟರೂ ತಂದಿದ್ದನ್ನೆಲ್ಲ ವಾಪಸ್ ಕೊಡಲೇಬೇಕು. ಕರ್ನಲ್‌ನಲ್ಲಿ ಈ ವಾಪಸಾತಿಯ ದಾರಿಗೆ ಎರರ್ ಪಾತ್ ಅಂತಾರೆ. ಟೆಸ್ಟಿಂಗ್‌ನಲ್ಲಿ ಅದು ಓಡೋದೇ ಅಪರೂಪ. ಹಾಗಾಗಿ ರಿವ್ಯೂ ಮಾಡುವವರ ಕಣ್ಣೇ ಗತಿ.

ರೆಫರೆನ್ಸ್ ಕೌಂಟ್ ಅಂದರೆ ಒಂದು ವಸ್ತುವನ್ನು ಎಷ್ಟು ಮಂದಿ ಹಿಡಿದಿದ್ದಾರೆ ಅನ್ನೋ ಲೆಕ್ಕ. ಸೊನ್ನೆಯಾದರೆ ವಸ್ತು ಬಿಡುಗಡೆ. ಒಂದು ಹೆಚ್ಚು ಉಳಿದರೆ ಸಾಧನ ನಿದ್ದೆಗೇ ಹೋಗಲ್ಲ, ಬ್ಯಾಟರಿ ಖಾಲಿ. ಒಂದು ಕಡಿಮೆಯಾದರೆ ಬಿಟ್ಟುಕೊಟ್ಟ ಮೆಮೊರಿಯನ್ನೇ ಯಾರೋ ಬಳಸುತ್ತಿರುತ್ತಾರೆ. ಅದು ಹ್ಯಾಕರ್‌ಗೆ ಹಬ್ಬ.

ಪಿಎಂ-ರನ್‌ಟೈಮ್-ಗೆಟ್-ಸಿಂಕ್ ಅಂತ ಒಂದು ಫಂಕ್ಷನ್ ಇದೆ, ಸಾಧನವನ್ನು ಎಬ್ಬಿಸೋಕೆ. ಎಬ್ಬಿಸೋದರಲ್ಲಿ ಸೋತರೂ ಕೌಂಟ್ ಒಂದು ಏರಿಸಿಬಿಡುತ್ತೆ! ಸಾಮಾನು ಕೊಡದೇ ಸಾಲದ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳೋ ಅಂಗಡಿ. ಎಷ್ಟೋ ಡ್ರೈವರ್‌ಗಳು ಇಲ್ಲಿ ಎಡವಿವೆ. 2020ರಲ್ಲಿ, 5.10 ಆವೃತ್ತಿಗೆ, ಸೋತರೆ ತಾನೇ ಲೆಕ್ಕ ಇಳಿಸೋ ರೆಸ್ಯೂಮ್-ಅಂಡ್-ಗೆಟ್ ಬಂತು. ಈಗ ಬೇರೆ ಅಪಾಯ: ಹೊಸ ಹೆಸರು ಹಾಕಿ, ಎರರ್ ಪಾತ್‌ನಲ್ಲಿದ್ದ ಹಳೇ 'ಪುಟ್' ಹಾಗೇ ಬಿಟ್ಟರೆ ಲೆಕ್ಕ ಎರಡು ಸಲ ಇಳಿಯುತ್ತೆ. ಡಿವೈಸ್-ರಿಜಿಸ್ಟರ್ ಕೂಡ ಇದೇ ಜಾತಿ. ಅದು ಸೋತರೂ ಪುಟ್-ಡಿವೈಸ್ ಕರೆಯಬೇಕು, ನೇರವಾಗಿ ಕೆ-ಫ್ರೀ ಮಾಡೋ ಹಾಗಿಲ್ಲ.

ಇದು ನಮ್ಮ ಊರಿನ ವಿಷಯವೂ ಹೌದು. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಈಗ ಇಂದಿರಾನಗರದ ಪಕ್ಕದ ಸಿ.ವಿ. ರಾಮನ್ ನಗರದಲ್ಲಿದೆ. ಆ ಕಂಪನಿಯ ಚಿಪ್‌ಗಳ ಡ್ರೈವರ್ ತೆರೆದರೆ ಈ ಗೆಟ್-ಪುಟ್ ಜೋಡಿಗಳು ಬೇಕಾದಷ್ಟು ಸಿಗುತ್ತವೆ.

ಸಣ್ಣ ಕ್ಲೀನಪ್ ಪ್ಯಾಚ್ ತಾನೇ ಅಂತ ಒಪ್ಪಿಗೆ ಕೊಡೋದು ನನಗೆ ಸರಿಬರಲ್ಲ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಸರಿಪಡಿಸುವಂತೆ ಕಾಣೋ ಪ್ಯಾಚ್‌ಗಳಲ್ಲಿ ಬೇಕಂತಲೇ ದೋಷ ಇಟ್ಟು ಕಳಿಸಿ, ರಿವ್ಯೂನಲ್ಲಿ ಸಿಕ್ಕಿಬೀಳುತ್ತವಾ ಅಂತ ನೋಡಿದ್ದರು. 2021ರ ಏಪ್ರಿಲ್‌ನಲ್ಲಿ ಗ್ರೆಗ್ ಕ್ರೋ-ಹಾರ್ಟ್‌ಮನ್ ಆ ವಿಶ್ವವಿದ್ಯಾಲಯದ ಪ್ಯಾಚ್‌ಗಳನ್ನೇ ನಿಲ್ಲಿಸಿದರು. ಹಳೆಯವನ್ನೆಲ್ಲ ಮತ್ತೆ ಜಾಲಾಡಬೇಕಾಯಿತು, ಬಹುಪಾಲು ಸರಿಯಾಗೇ ಇದ್ದವು ಅನ್ನೋದು ಬೇರೆ ಮಾತು. ಅಷ್ಟು ಜನರ ಸಮಯ ಹೋಯಿತಲ್ಲ!

ಪ್ಯಾಚ್‌ನಲ್ಲಿ ಬದಲಾದ ಸಾಲಿನ ಹಿಂದೆ ಮುಂದೆ ಮೂರು ಮೂರು ಸಾಲು ಮಾತ್ರ ಕಾಣುತ್ತೆ. ಗೋಟೂ ಹೋಗಿ ಇಳಿಯೋ ಜಾಗ ಇರೋದು ನಲವತ್ತು ಸಾಲು ಕೆಳಗೆ. ನಾನಂತೂ ಇಡೀ ಫಂಕ್ಷನ್ ತೆರೆದು, ಪ್ರತಿ 'ಗೆಟ್'ಗೆ ಯಾರು ಎಲ್ಲಿ 'ಪುಟ್' ಮಾಡ್ತಾರೆ ಅಂತ ಕಾಗದದ ಮೇಲೆ ಬರೆದುಕೊಳ್ಳುತ್ತೇನೆ.