ಒಂದು ಗಂಟೆಯ ಕತ್ತಲೆ



ಕಳೆದ ಮಾರ್ಚ್ ತಿಂಗಳ ಒಂದು ಶನಿವಾರ ರಾತ್ರಿ ಎಂಟೂವರೆಗೆ ನಮ್ಮ ಮನೆಯಲ್ಲಿ ಸಣ್ಣ ಜಗಳವಾಯಿತು. ಮಗಳು ಹಾಲ್‌ನ ದೀಪಗಳನ್ನೆಲ್ಲ ಪಟಪಟನೆ ಆರಿಸಿ, "ಅಮ್ಮಾ, ಇವತ್ತು ಅರ್ಥ್ ಅವರ್. ಒಂಬತ್ತೂವರೆ ತನಕ ಲೈಟ್ ಬಂದ್" ಎಂದಳು. ಅತ್ತೆಯವರಿಗೆ ಸಿಟ್ಟು ಬಂತು. ಅವರ ಪ್ರಕಾರ ದೀಪವನ್ನು 'ಆರಿಸು' ಎನ್ನುವುದೇ ಅಪಶಕುನ, 'ಶಾಂತ ಮಾಡು' ಎನ್ನಬೇಕು. "ಶನಿವಾರ ಮನೆ ಕತ್ತಲೆ ಮಾಡ್ತಾರೇನೇ?" ಎಂದು ಗದರಿದರು.

2007ರ ಮಾರ್ಚ್ 31ರಂದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಶುರುವಾದ ಪದ್ಧತಿಯಂತೆ ಇದು. ಭೂಮಿ ಬಿಸಿಯಾಗುತ್ತಿರುವುದನ್ನು ಜನಕ್ಕೆ ನೆನಪಿಸಲು ವರ್ಷಕ್ಕೊಮ್ಮೆ ಒಂದು ಗಂಟೆ ದೀಪ ಆರಿಸುವುದು. ದೆಹಲಿಯ ಇಂಡಿಯಾ ಗೇಟ್ ಕೂಡ ಕತ್ತಲಾಗುತ್ತದೆ. ಮಗಳು ಮೇಣದ ಬತ್ತಿ ಹಚ್ಚಿದಳು. (ಆ ಮೇಣವೂ ಪೆಟ್ರೋಲಿಯಮ್ಮಿನಿಂದ ಬಂದದ್ದೇ. ಬಾಯಿಗೆ ಬಂತು, ಹೇಳಲಿಲ್ಲ.)

ಅಷ್ಟರಲ್ಲಿ ಮಗನ ಕೋಣೆಯಿಂದ ಗುಂಯ್ ಎಂಬ ಸದ್ದು. ದೀಪವಿಲ್ಲ, ಎ.ಸಿ. ಮಾತ್ರ ಓಡುತ್ತಿದೆ! ಕೇಳಿದರೆ, "ಲೈಟ್ ತಾನೇ ಆರಿಸ್ಬೇಕು? ಆರಿಸಿದೀನಲ್ಲ" ಎಂದ.

ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳಿಗೆ ಯೂನಿಟ್ ಲೆಕ್ಕ ಎಲ್ಲಿಂದ ಬರಬೇಕು! ಕೊನೆಗೆ ಅವನೇ ಕರೆಂಟ್ ಬಿಲ್ಲಿನ ಹಿಂದೆ ಬರೆದು ತೋರಿಸಿದ. ಸಾವಿರ ವ್ಯಾಟ್‌ನ ಸಾಮಾನು ಒಂದು ಗಂಟೆ ನಡೆದರೆ ಒಂದು ಯೂನಿಟ್. ನಾವು ಆರಿಸಿದ ಎಲ್‌ಇಡಿ ದೀಪಗಳೆಲ್ಲ ಸೇರಿ 75 ವ್ಯಾಟ್. ಅವನ ಒಂದೂವರೆ ಟನ್ನಿನ ಎ.ಸಿ. ಪೂರ್ತಿ ಓಡಿದರೆ 1,500 ವ್ಯಾಟ್. ಅಂದರೆ ಅದರ ಒಂದು ಗಂಟೆ ನಮ್ಮ ದೀಪಗಳ ಇಪ್ಪತ್ತು ಗಂಟೆಗೆ ಸಮ! ಮುಂಬಯಿಗೆ 1915ರಿಂದಲೇ ಖೋಪೋಲಿಯ ಜಲವಿದ್ಯುತ್ ಬಂದದ್ದು ನಿಜ. ಆದರೆ ಇಂದು ದೇಶದ ವಿದ್ಯುತ್ತಿನಲ್ಲಿ ಹೆಚ್ಚಿನದು ಕಲ್ಲಿದ್ದಲಿನದು. ಸರಾಸರಿ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ.

ನಾನು ಮಗನನ್ನು ಬೈಯಲು ಬಾಯಿ ತೆರೆದೆ. ಮಗಳು ತಣ್ಣಗೆ ಕೇಳಿದಳು, "ಬೆಳಿಗ್ಗೆ ಆರಕ್ಕೆ ಗೀಸರ್ ಹಾಕಿ ಎಂಟಕ್ಕೆ ನೆನಪು ಮಾಡ್ಕೊಳ್ಳೋದು ಯಾರಮ್ಮಾ?" ಗೀಸರಿನದು 2,000 ವ್ಯಾಟ್. ನಾನು ಚಪಾತಿ ಲಟ್ಟಿಸಲು ಒಳಗೆ ಹೋದೆ.

ಹಾಗೆಂದು ಎ.ಸಿ.ಯನ್ನು ಕಿತ್ತೆಸೆಯುವಂತಿಲ್ಲ. ಎಂಬತ್ತು ದಾಟಿದ ಅತ್ತೆಯವರಿಗೆ ಮೇ ತಿಂಗಳ ಸೆಕೆಯಲ್ಲಿ ಅದಿಲ್ಲದೆ ರಾತ್ರಿ ಕಳೆಯುವುದಿಲ್ಲ. ಸೆಕೆ ಹೆಚ್ಚಿತೆಂದು ಎ.ಸಿ., ಎ.ಸಿ.ಗೆಂದು ಕಲ್ಲಿದ್ದಲು, ಕಲ್ಲಿದ್ದಲಿನಿಂದ ಮತ್ತಷ್ಟು ಸೆಕೆ. ಈ ಸುತ್ತಿನಿಂದ ಹೊರಬರುವ ದಾರಿ ನನಗೂ ಹೊಳೆಯಲಿಲ್ಲ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6ರಷ್ಟು ವಿದ್ಯುತ್ ಉಳಿಯುತ್ತದಂತೆ. ಇಪ್ಪತ್ತರಲ್ಲಿದ್ದದ್ದನ್ನು ಇಪ್ಪತ್ತಾರಕ್ಕೆ ಏರಿಸಿದೆವು. ಮಗ ತನ್ನ ಕೋಣೆಯ ಎ.ಸಿ. ನಿಲ್ಲಿಸಿ, ಹಾಸಿಗೆ ಹೊತ್ತುಕೊಂಡು ಅಜ್ಜಿಯ ಕೋಣೆಗೆ ಹೋದ. ಯಾರೂ ಹೇಳಿರಲಿಲ್ಲ.

ಈಗ ಬೆಳಿಗ್ಗೆ ದಿನವೂ ಎರಡು ದೂರು. ಅವನದು ಅಜ್ಜಿಯ ಗೊರಕೆಯ ಬಗ್ಗೆ. ಅವರದು, "ಇವನ ಕನ್ನಡ ನನಗೆ ಅರ್ಧ ತಿಳಿಯೋದಿಲ್ಲ, ಆದರೂ ಹನ್ನೆರಡರ ತನಕ ಮಾತು ನಿಲ್ಲಿಸೋದಿಲ್ಲ" ಎಂದು.

ನಿಮ್ಮ ಮನೆಯ ಬಿಲ್ಲಿನ ಹಿಂದೆಯೂ ಲೆಕ್ಕ ಹಾಕಿ ನನಗೆ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಕಾಗುಣಿತ ತಪ್ಪಿದರೆ ನಾನು ತಿದ್ದಿಕೊಳ್ಳುತ್ತೇನೆ.