ತೂಗಬೇಕಾದದ್ದು ಯಾವುದನ್ನು?

ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಬಂದ ಟ್ರ್ಯಾಕ್ಟರನ್ನು ಕಬ್ಬಿನ ಸಮೇತ ತೂಗುತ್ತಾರೆ. ಡ್ರೈವರನ ಜಾಣತನ ಆ ತೂಕಕ್ಕೆ ಸೇರುವುದಿಲ್ಲ. ಹುಡುಗರು ಆನ್‌ಲೈನಿನಲ್ಲಿ ಆಡುವ ‘ವಾರ್ ಥಂಡರ್’ ಎಂಬ ಯುದ್ಧದಾಟದಲ್ಲಿ ಮಾತ್ರ ಸೇರುತ್ತದೆ! ಅಲ್ಲಿ ಪ್ರತಿ ಟ್ಯಾಂಕಿಗೂ ಒಂದು ಅಂಕ; 5.7 ಅಂಕದ್ದಕ್ಕೆ 6.7ರದೂ ಎದುರಾಗಬಹುದು. ಈ ಅಂಕ ನಿಲ್ಲುವುದು ಉಕ್ಕಿನ ದಪ್ಪ, ತೋಪಿನ ಬಲದ ಮೇಲಷ್ಟೇ ಅಲ್ಲ, ಆ ಟ್ಯಾಂಕನ್ನು ಆಡಿದವರೆಲ್ಲರ ಸರಾಸರಿ ಸಾಧನೆಯ ಮೇಲೆ. ಪಳಗಿದವರು ಗೆದ್ದು ಗೆದ್ದು ಅಂಕ ಏರಿಸುತ್ತಾರೆ; ಅದೇ ಟ್ಯಾಂಕು ಹತ್ತಿದ ಹೊಸಬ ಬಲಾಢ್ಯರ ಬಾಯಿಗೆ ಬೀಳುತ್ತಾನೆ.

ಇದೆಂಥ ಸಮತೋಲ? ಹಿರಿಸೊಸೆ ತಾಸಿನಲ್ಲಿ ಐವತ್ತು ರೊಟ್ಟಿ ಬಡಿದಳೆಂದು ನಿನ್ನೆ ಬಂದವಳಿಗೂ ಅದೇ ಲೆಕ್ಕ ಹಚ್ಚುವ ಮನೆಗಳನ್ನು ನಾವು ಬಲ್ಲೆವು. ಹಂಚು ಒಂದೇ, ಕೈ ಬೇರೆ. ಚದುರಂಗದಲ್ಲಿ ರೇಟಿಂಗ್ ಇರುವುದು ಆಟಗಾರನಿಗೆ, ಕುದುರೆಗಲ್ಲ. ಯಂತ್ರವನ್ನು ಯಂತ್ರವಾಗಿ ತೂಗಲಿ, ಕೈಯನ್ನು ಬೇರೆ ಅಳೆಯಲಿ.