ಸೀತೆಯ ಅಶೋಕ, ಶಾಲೆಯ ಅಶೋಕ

ಪೆರ್ಡೂರಿನಿಂದ ಓದುಗ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. ಲಕೋಟೆಯೊಳಗೆ ಒಂದು ಎಲೆ, ಬಾಡಿದ ಕಿತ್ತಳೆ ಬಣ್ಣದ ಒಂದು ಹೂಗೊಂಚಲು. “ನಮ್ಮ ತೋಟದ ತೋಡಿನ ಬದಿಯಲ್ಲಿ ಈ ಮರ ಇದೆ. ಅತ್ತೆಯವರು ಇದು ಅಶೋಕ ಅನ್ನುತ್ತಾರೆ. ಮಗಳು ಒಪ್ಪುವುದಿಲ್ಲ. ಅವಳ ಶಾಲೆಯ ಎದುರು ಸಾಲಾಗಿ ನಿಂತ ಎತ್ತರದ ಮರಗಳೇ ಅಶೋಕವಂತೆ. ಯಾರ ಮಾತು ಸರಿ?”

ಸೋದರಿ, ನಿಮ್ಮ ಅತ್ತೆಯವರಿಗೇ ಜಯ! ಹಾಗೆಂದು ಮಗಳನ್ನು ಹಂಗಿಸಬೇಡಿ. ಊರಿಗೆ ಊರೇ ಆ ಶಾಲೆಯ ಮರವನ್ನು ಅಶೋಕ ಎಂದೇ ಕರೆಯುತ್ತದೆ.

ಗುರುತು ಹಿಡಿಯುವುದು ಕಷ್ಟವೇನಲ್ಲ. ಶಾಲೆ, ಕಚೇರಿಗಳ ಎದುರು ಕಂಬದ ಹಾಗೆ ನೆಟ್ಟಗೆ ಬೆಳೆಯುತ್ತದಲ್ಲ, ಅದರದು ಬಿಡಿ ಬಿಡಿಯಾದ ಉದ್ದನೆಯ ಎಲೆ, ಅಂಚೆಲ್ಲ ಅಲೆ ಅಲೆ. ಹೂವು ತೆಳು ಹಸುರು, ಆರು ಎಸಳಿನ ನಕ್ಷತ್ರದಂತೆ. ಎಲೆಗಳ ನಡುವೆ ಬಿಟ್ಟದ್ದೇ ತಿಳಿಯುವುದಿಲ್ಲ. ಹಣ್ಣು ಮಾಗಿದಾಗ ಕಪ್ಪು, ಬಾವಲಿಗಳಿಗೆ ಬಲು ಪ್ರೀತಿ. ಈ ಮರ ಸೀತಾಫಲದ ಕುಟುಂಬದ್ದು.

ನಿಜವಾದ ಅಶೋಕ ಹುಣಸೆಯ ಕಡೆಯ ನೆಂಟ. ಒಂದೇ ಕಡ್ಡಿಯಲ್ಲಿ ಎದುರುಬದುರಾಗಿ 4ರಿಂದ 6 ಜೋಡಿ ಎಲೆಗಳು. ಚಿಗುರಂತೂ ತಾಮ್ರದ ಬಣ್ಣ, ಹಿಂಡಿ ಹಾಕಿದ ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಿರುತ್ತದೆ. ಹೂವು ಕೊಂಬೆಯಿಂದಲೇ, ಕೆಲವೊಮ್ಮೆ ಕಾಂಡದಿಂದಲೇ ಹೊರಡುತ್ತದೆ. ದೂರದಿಂದ ಕೇಪಳದ ಹೂಚೆಂಡೇ ಅನ್ನಬೇಕು. ಅರಳಿದಾಗ ಹಳದಿ ಮಿಶ್ರಿತ ಕಿತ್ತಳೆ, ದಿನ ಕಳೆದಂತೆ ಕೆಂಪು. ಇನ್ನೊಂದು ಸೋಜಿಗ ಕೇಳಿ: ಈ ಹೂವಿಗೆ ಎಸಳೇ ಇಲ್ಲ. ನಾವು ಎಸಳೆಂದುಕೊಳ್ಳುವ ಆ ನಾಲ್ಕೂ ಪುಷ್ಪಪಾತ್ರೆಯ ಭಾಗಗಳು. ಸಂಜೆಯಾದ ಮೇಲೆ ಹತ್ತಿರ ನಿಂತು ನೋಡಿ, ಕಂಪು ತಾನೇ ಬರುತ್ತದೆ.

ಕಾಗದದಲ್ಲಿ ಪೆರ್ಡೂರು ಎಂದು ಓದಿದೊಡನೆ ನನಗೆ ನೆನಪಾದದ್ದು ಮೇಳದ ಆಟ. ಚಿಕ್ಕವಳಿದ್ದಾಗ ಅಜ್ಜಿಯ ಸೆರಗು ಹೊದ್ದು ‘ಚೂಡಾಮಣಿ’ ಪ್ರಸಂಗ ನೋಡಿದ್ದೆ. ರಂಗಸ್ಥಳದಲ್ಲಿ ಮರ ಎಲ್ಲಿಂದ ಬರಬೇಕು? ಸೀತೆ ತಲೆ ತಗ್ಗಿಸಿ ಕೂತರೆ ಅದೇ ಅಶೋಕವನ. “ಅಜ್ಜಿ, ಶೋಕ ಇಲ್ಲದ್ದು ಅಂತ ಹೆಸರಿರುವ ಮರದ ಕೆಳಗೆ ಅವಳು ಯಾಕೆ ಅಳುವುದು?” ಎಂದು ಕೇಳಿದ್ದೆ. “ಮರಕ್ಕೆ ಹೆಸರಿದ್ದರೆ ಸಾಕಾ ಮಗಾ, ಕಷ್ಟ ಕೇಳುವವರು ಒಬ್ಬರು ಬರಬೇಡವಾ?” ಅಂದಿದ್ದರು ಅಜ್ಜಿ. ಅಷ್ಟರಲ್ಲಿ ಹನುಮಂತ ಬಂದ. ದೊಡ್ಡವಳಾದ ಮೇಲೆ ತಿಳಿಯಿತು, ವಾಲ್ಮೀಕಿ ರಾಮಾಯಣದಲ್ಲಿ ಸೀತೆ ಕೂತದ್ದು ಅಶೋಕವನದೊಳಗಿನ ಶಿಂಶಪಾ ವೃಕ್ಷದ ಬುಡದಲ್ಲಿ!

ಅಶೋಕಕ್ಕೂ ಹೆಂಗಸರಿಗೂ ನಂಟು ಹಳೆಯದು. ಕಾಲ್ಗೆಜ್ಜೆ ತೊಟ್ಟ ಹೆಣ್ಣಿನ ಪಾದ ತಾಗಿದರೆ ಅಶೋಕ ಹೂಬಿಡುತ್ತದೆ ಎಂಬುದು ಕವಿಗಳ ನಂಬಿಕೆ. ಕಾಳಿದಾಸನ ಮಾಳವಿಕೆ ಮಾಡುವುದೂ ಅದನ್ನೇ. ಬಂಗಾಳದಲ್ಲಿ ಚೈತ್ರ ಮಾಸದ ಅಶೋಕ ಷಷ್ಠಿಯ ದಿನ ತಾಯಂದಿರು ಮಕ್ಕಳ ಒಳಿತಿಗಾಗಿ ಇದರ ಮೊಗ್ಗು ತಿನ್ನುತ್ತಾರೆ. ಆಯುರ್ವೇದದಲ್ಲಿ ಮುಟ್ಟಿನ ತೊಂದರೆಗೆ ಕೊಡುವ ಅಶೋಕಾರಿಷ್ಟಕ್ಕೂ ಇದರ ತೊಗಟೆಯೇ ಮೂಲ.

ಗುರುತು ಮುಖ್ಯವಾಗುವುದು ಇಲ್ಲಿಯೇ. ನನ್ನ ಚಿಕ್ಕಮ್ಮನಿಗೆ ಮುಟ್ಟಿನಲ್ಲಿ ತುಂಬಾ ಹೋಗುತ್ತಿತ್ತು. ಯಾರೋ ಅಶೋಕದ ತೊಗಟೆಯ ಕಷಾಯ ಒಳ್ಳೆಯದೆಂದರು. ಬೇಲಿಯ ಬದಿಯ ಕಂಬದಂಥ ಮರದ್ದನ್ನೇ ಕೆತ್ತಿ ತಂದು ತಿಂಗಳುಗಟ್ಟಲೆ ಕುದಿಸಿ ಕುಡಿದರು ಪಾಪ. ಮುಖ ಬಿಳುಚಿಕೊಂಡಿತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ನಾಚಿಕೆ ಬಿಟ್ಟು ಡಾಕ್ಟರ ಬಳಿ ಹೋದಾಗ ಗರ್ಭಕೋಶದಲ್ಲಿ ಗಡ್ಡೆ! ಮೊದಲು ರಕ್ತ ಕೊಟ್ಟು, ಆಮೇಲೆ ಆಪರೇಷನ್. ತೊಗಟೆ ಸರಿಯಾದ ಮರದ್ದೇ ಆಗಿದ್ದರೂ ಗಡ್ಡೆ ಇರುವುದನ್ನು ಕಷಾಯ ಹೇಳುತ್ತಿರಲಿಲ್ಲ, ಅಲ್ಲವೆ? ಅಂಗಡಿಯಲ್ಲಿ ಸಿಗುವ ಒಣ ತೊಗಟೆಯಲ್ಲಿಯೂ ಈ ಬೆರಕೆ ಇದ್ದದ್ದೇ. ಒಣಗಿದ ಮೇಲೆ ನಮಗೆ ನಿಮಗೆ ಗುರುತು ಸಿಗುವುದಿಲ್ಲ.

ಆದ್ದರಿಂದ ಸೋದರಿಯರೇ, ಏಳು ದಿನ ದಾಟಿಯೂ ನಿಲ್ಲದಿದ್ದರೆ, ಗಂಟೆ ಗಂಟೆಗೂ ಬಟ್ಟೆ ಬದಲಿಸುವಂತಾದರೆ, ದೊಡ್ಡ ಗಡ್ಡೆಗಳಾಗಿ ಹೋದರೆ, ನಡುನಡುವೆ ಕಾಣಿಸಿಕೊಂಡರೆ ತಡಮಾಡಬೇಡಿ, ಡಾಕ್ಟರಿಗೆ ತೋರಿಸಿ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ ಅಷ್ಟೆ. ಅಶೋಕದ ಔಷಧಿಯನ್ನು ತಿಳಿದ ವೈದ್ಯರು ಹೇಳಿದರೆ ಮಾತ್ರ ತೆಗೆದುಕೊಳ್ಳಿ. ಬಸುರಿಯರಂತೂ ಕೇಳದೆ ಮುಟ್ಟಲೇಬಾರದು.

ಪಶ್ಚಿಮಘಟ್ಟದ ಹೊಳೆ ಬದಿಯ ಈ ಮರ ತೊಗಟೆಯ ಆಸೆಗೇ ಸೊರಗಿದೆ. ಸುತ್ತಲೂ ಸುಲಿದರೆ ಮರ ಉಳಿಯುವುದಿಲ್ಲ. 1998ರಲ್ಲೇ ಇದರ ಹೆಸರು ಅಂತಾರಾಷ್ಟ್ರೀಯ ಕೆಂಪು ಪಟ್ಟಿ ಸೇರಿದೆ. ಪೆರ್ಡೂರಿನ ಸೋದರಿ, ನಿಮ್ಮ ಮರಕ್ಕೆ ಯಾರಿಗೂ ಕತ್ತಿ ಹಾಕಲು ಬಿಡಬೇಡಿ. ಚಪ್ಪಟೆ ಕೋಡು ಬಲಿತು ಬೀಜ ಉದುರಿದಾಗ ಆರಿಸಿ, ಒಣಗಿಸಿಡದೆ ಆಗಲೇ ಮಣ್ಣಿಗೆ ಹಾಕಿ. ಹಳೆಯ ಬೀಜ ಹುಟ್ಟುವುದು ಕಷ್ಟ. ಅರೆ ನೆರಳು, ತಂಪು ನೆಲ ಇದ್ದರೆ ಸಸಿ ನಿಧಾನವಾಗಿ ಮೇಲೆ ಬರುತ್ತದೆ. ಮೊದಲ ಕೆಲವು ಬೇಸಗೆ ನೀರು ತಪ್ಪಿಸಬೇಡಿ.

ಸಿಂಹ ಸಂಕ್ರಮಣಕ್ಕೆ ನಿಮ್ಮೂರಿನ ಅನಂತಪದ್ಮನಾಭ ದೇವರಿಗೆ ಬಾಳೆಹಣ್ಣು ಒಪ್ಪಿಸಲು ಹೊಸ ಮದುಮಕ್ಕಳು ಬರುತ್ತಾರಲ್ಲ, ಆಗ ಮಳೆಯೂ ಇರುತ್ತದೆ. ನೆಂಟರಲ್ಲಿ ಮದುಮಗಳಿದ್ದರೆ ಕುಂಕುಮದ ಜೊತೆಗೆ ಒಂದು ಅಶೋಕದ ಸಸಿಯನ್ನೂ ಕೈಗೆ ಕೊಡಿ. ಮರದ ಗುರುತಿನ ಜೊತೆ ಮೈಯ ಕಷ್ಟ ಮುಚ್ಚಿಡಬಾರದೆಂಬ ಮಾತನ್ನೂ ಹೇಳಿ ಕಳಿಸಿ.